ಮಾವ ಒಪ್ಪಿಕೊಂಡದ್ದು ಒಂದು ಮೇಜು ಮಾತ್ರ

ನಮ್ಮ ಸೋದರಮಾವನಿಗೆ ಕೈ ಎತ್ತುವ ಕಾಯಿಲೆ ಇದೆ.

ಹಾಗೆಂದ ಕೂಡಲೇ ನೀವು ನಮ್ಮ ಅತ್ತೆಯ ಬಗ್ಗೆ ಮರುಕಪಡಬೇಡಿ! ಅತ್ತೆಯ ಎದುರು ಕೈ ಎತ್ತುವ ಧೈರ್ಯ ಮೂರ್ನಾಡಿನಿಂದ ಮಡಿಕೇರಿಯವರೆಗೆ ಯಾವ ಗಂಡಸಿಗೂ ಇಲ್ಲ. ನಾನು ಹೇಳುತ್ತಿರುವುದು ಸಭೆಯಲ್ಲಿ ಕೈ ಎತ್ತುವ ವಿಚಾರ. "ಈ ಕೆಲಸ ಯಾರು ಮಾಡ್ತೀರಾ?" ಎಂದು ಯಾರಾದರೂ ಕೇಳಿದರೆ ನಾವು ನೀವು ಏನು ಮಾಡುತ್ತೇವೆ? ಮೊಬೈಲು ನೋಡುತ್ತೇವೆ. ಬಿಚ್ಚಿಟ್ಟ ಚಪ್ಪಲಿ ಅಲ್ಲೇ ಇದೆಯೋ ಅಂತ ಬಗ್ಗಿ ನೋಡುತ್ತೇವೆ. ಅಷ್ಟರಲ್ಲಿ ಮಾವನ ಕೈ ಮೇಲಕ್ಕೆ ಹೋಗಿರುತ್ತದೆ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೈ ಎತ್ತುವುದು ಲೋಕರೂಢಿ. ಇವರು ಮೊದಲೇ ಎತ್ತಿಬಿಡುತ್ತಾರೆ, ಆಮೇಲೆ ಇಳಿಸುವುದೇ ಇಲ್ಲ!

ಮಾವ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ರೈಟರ್ ಅಂದರೆ ಕಥೆ ಕಾದಂಬರಿ ಬರೆಯುವವರಲ್ಲ, ತೋಟದ ಆಳುಗಳ ಹಾಜರಿ ಬರೆಯುವವರು. ಶನಿವಾರಸಂತೆ ಕಡೆಯ ರೈತರ ಮನೆಯಿಂದ ಬಂದು, ಇಡೀ ಆಯುಷ್ಯ ತೋಟ ಸುತ್ತಿ, ನಿವೃತ್ತಿಯಾದ ಮೇಲೆ ಮೂರ್ನಾಡಿನ ಹತ್ತಿರ ಮನೆ ಕಟ್ಟಿಕೊಂಡಿದ್ದಾರೆ. ನಾನು ಮೂರ್ನಾಡಿನಲ್ಲಿ ಶಾಲೆಯ ಟೀಚರ್. ಮಾವನ ಮಗಳು ಮದುವೆಯಾಗಿ ಸೋಮವಾರಪೇಟೆಗೆ ಹೋದ ಮೇಲೆ ಅವಳ ಕೋಣೆ ನನಗೆ ಸಿಕ್ಕಿತು. ಹಾಗಾಗಿ ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ಕೆಲಸ ಬಿಟ್ಟರೂ ತೋಟ ಸುತ್ತಿದ ಕಾಲು ಸುಮ್ಮನಿರಬೇಕಲ್ಲ? ಮಾವ ಪೇಪರು ಓದುವುದು ನಡೆಯುತ್ತಾ. ತಿಂಡಿ ತಿನ್ನುವುದು ಬಾಗಿಲಲ್ಲಿ ನಿಂತು. ಅವರ ಜೊತೆ ಮಾತಾಡಬೇಕಾದರೆ ನೀವೂ ಹಿಂದೆ ಹಿಂದೆ ಓಡಬೇಕು. ವಾಕ್ಯದ ಕರ್ತೃ ಅಡುಗೆಮನೆಯಲ್ಲಿ ಕೇಳಿಸಿದರೆ ಕ್ರಿಯಾಪದ ಗೇಟಿನ ಹತ್ತಿರ ಸಿಗುತ್ತದೆ.

ಇಂಥವರು ಕಳೆದ ಚಳಿಗಾಲಕ್ಕೆ ಮೊದಲು ನಮ್ಮೂರ ಸಂಘದ ಸಭೆಗೆ ಹೋದರು. ಮೈಸೂರಿನಿಂದ ಕಣ್ಣಿನ ಡಾಕ್ಟರು ಬಂದು ಸಮುದಾಯ ಭವನದಲ್ಲಿ ಒಂದು ದಿನ ಉಚಿತ ತಪಾಸಣೆ ಮಾಡುತ್ತಾರೆ, ಪೊರೆ ಬಂದವರನ್ನು ಕರೆದುಕೊಂಡು ಹೋಗಿ ಆಪರೇಷನ್ನೂ ಮಾಡಿಸಿ ಕಳಿಸುತ್ತಾರೆ ಎಂಬುದು ವಿಷಯ. ಎಲ್ಲಾ ತಯಾರಿ ಅವರದೇ. ಸಂಘದಿಂದ ಬೇಕಾದದ್ದು ಒಂದೇ ಒಂದು ವಸ್ತು. ಅಧ್ಯಕ್ಷರು ಎದ್ದು, "ಡಾಕ್ಟರಿಗೆ ಒಂದು ಮೇ..." ಅನ್ನುವಷ್ಟರಲ್ಲಿ ಮಾವನ ಕೈ ಮೇಲೆ! ಅವರು ಕೇಳುತ್ತಿದ್ದದ್ದು ಮೇಜು. ಮೇಕೆ ಕೇಳಿದ್ದರೂ ಮಾವ ಒಪ್ಪಿಕೊಂಡಿರುತ್ತಿದ್ದರು.

ಮಾರನೆಯ ಬೆಳಿಗ್ಗೆ ಅತ್ತೆ ಬಿಸಿ ಅಕ್ಕಿರೊಟ್ಟಿ ತಟ್ಟೆಗೆ ಹಾಕಿಕೊಂಡು ಅಡುಗೆಮನೆಯಿಂದ ಹೊರಗೆ ಬಂದರು. ಇಡುವುದಕ್ಕೆ ಹೋದರೆ ಊಟದ ಮೇಜೇ ಇಲ್ಲ. ಕುರ್ಚಿಗಳು ಮಾತ್ರ ನಡುವೆ ಖಾಲಿ ಜಾಗ ಬಿಟ್ಟುಕೊಂಡು ಒಂದರ ಮುಖ ಒಂದು ನೋಡುತ್ತಾ ಕೂತಿವೆ. ನಾನೂ ಹಾಗೇ ಕೂತಿದ್ದೆ, ಕೈ ತೊಳೆದುಕೊಂಡು.

"ಮೇಜೆಲ್ಲೇ?" ಅತ್ತೆ ನನ್ನನ್ನು ಕೇಳಿದರು.

"ಸಮಾಜಸೇವೆಗೆ ಹೋಯ್ತು ಅತ್ತೆ. ಮಾವ ಆಟೋದಲ್ಲಿ ಹಾಕ್ಕೊಂಡು ಹೋದರು."

"ಶಿಬಿರ ಇರೋದು ಮುಂದಿನ ವಾರ ಅಲ್ವೇನೇ!"

ಹೌದು, ಮುಂದಿನ ವಾರ. ಮಾವನಿಗೆ ಅಷ್ಟು ದಿನ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಆ ವಾರವಿಡೀ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಅಲ್ಲಿಗೆ ಮಾವನ ಕೆಲಸ ಮುಗಿಯಬೇಕಿತ್ತು ತಾನೇ? ಆದರೆ ಮೇಜು ಭವನದ ಒಳಗೆ ಹಿಡಿಯಲಿಲ್ಲ. ಯಾರದೋ ಮದುವೆಯ ಶಾಮಿಯಾನದ ಕಂಬ, ಹಳೇ ಪೆಟ್ಟಿಗೆ, ಮುರಿದ ಕುರ್ಚಿ ಎಲ್ಲ ಅಲ್ಲೇ ರಾಶಿ ಬಿದ್ದಿದ್ದವು. ಮಾವ ಅದನ್ನೆಲ್ಲ ಹೊರಗೆ ಹಾಕಿಸಿದರು. ಹೊರಗೆ ಹಾಕಿಸಿದ ಮೇಲೆ ಗೋಡೆ ಕಂಡಿತು. ಕಂಡ ಗೋಡೆ ಹೊಗೆ ಹಿಡಿದು ಕರ್ರಗಿತ್ತು. ಕಣ್ಣಿನ ಡಾಕ್ಟರು ಅಕ್ಷರದ ಪಟ ತೂಗುಹಾಕುವುದಕ್ಕೆ ಬಿಳೀ ಗೋಡೆ ಬೇಡವೇ? ಮಾವ ಸುಣ್ಣ ಕಲಸಿದರು. ಗೋಡೆ ಬೆಳ್ಳಗಾದ ಮೇಲೆ ಬಲ್ಬು ಮಂಕಾಗಿ ಕಂಡಿತು. ಬಲ್ಬು ಬದಲಾಯಿಸಲು ಹೋದರೆ ವೈರು ಸುಟ್ಟಿತ್ತು. ವೈರು ಎಳೆಸುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಗೊತ್ತಾಯಿತು. ದಿನಾ ಸಂಜೆ ಮಾವ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು.

"ರೀ, ನೀವು ಒಪ್ಪಿಕೊಂಡಿದ್ದು ಒಂದು ಮೇಜು," ಅತ್ತೆ ಹೇಳಿದರು.

"ಮೇಜಿಗೇ ಇಷ್ಟೆಲ್ಲ ಮಾಡ್ತಿರೋದು ಕಣೇ. ಅದು ಒಳಗೆ ಹೋಗಬೇಡವಾ?"

"ಒಂದು ದಿನ ಭೂಮಿ ತಿರುಗೋದು ನಿಂತ್ರೆ, ನಾ ತಿರುಗಿಸ್ತೀನಿ ಅಂತ ಕೈ ಎತ್ತೋರು ನೀವೇ!"

ಮಾವ ಯೋಚನೆ ಮಾಡುವವರಂತೆ ಒಂದು ಕ್ಷಣ ಆಕಾಶ ನೋಡಿದರು. ನನಗೆ ನಿಜಕ್ಕೂ ಭಯವಾಯಿತು.

ಇನ್ನು ಪ್ರಚಾರದ ಕೆಲಸ. ಅದನ್ನು ಯಾರೂ ಮಾವನಿಗೆ ವಹಿಸಿರಲಿಲ್ಲ, ಹಾಗಾಗಿ ಅವರೇ ವಹಿಸಿಕೊಂಡರು. "ಕಣ್ಣು ಮಂಜಾದವರು ತಪ್ಪದೆ ಬನ್ನಿ" ಎಂದು ದೊಡ್ಡ ಪೋಸ್ಟರು ಬರೆಸಿ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿ, ನಮಗೆ ತೋರಿಸಲು ಕರೆದುಕೊಂಡು ಹೋದರು. ಅತ್ತೆ ಅದನ್ನು ಮೇಲಿನಿಂದ ಕೆಳಗೆ ಓದಿ ಒಂದೇ ಪ್ರಶ್ನೆ ಕೇಳಿದರು. "ಕಣ್ಣು ಮಂಜಾದವರು ಇದನ್ನ ಓದೋದು ಹೇಗ್ರೀ?"

ಆಟೋದ ಮೇಲೆ ಮೈಕು ಏರಿದ್ದು ಹಾಗೆ.

ಭಾನುವಾರ ನನಗೆ ರಜೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನೂ ಆಟೋದಲ್ಲಿ ತುಂಬಿಕೊಂಡರು. ಮಾವನಿಗೆ ಕೊಡಗಿನ ಅಷ್ಟೂ ಭಾಷೆ ಬರುತ್ತದೆ. ಕಷ್ಟವೇನೆಂದರೆ ಎಲ್ಲಾ ಒಟ್ಟಿಗೆ ಬರುತ್ತದೆ. "ಕಣ್ಣು ಮಂಜಾದವರು ಬನ್ನಿ, ವಾಂಗೊ, ವರೀನ್, ಆವೋ! ಪೈಸೆ ಬೇಡ, ವೇಂಡ, ನಹೀ!" ಎಂದು ಒಂದೇ ಉಸಿರಿಗೆ ಕೂಗುತ್ತಾ ಏರಿ ಇಳಿದು ಹೋಗುತ್ತಿದ್ದರೆ ತೋಟದ ಒಳಗಿಂದ ಜನ ರಸ್ತೆಗೆ ಓಡಿ ಬರುತ್ತಿದ್ದರು. ಅರ್ಥವಾಗಿ ಬಂದವರೆಷ್ಟು, ಹೆದರಿ ಬಂದವರೆಷ್ಟು, ಹೇಳಲಾರೆ. ಒಬ್ಬರು, "ಒಬ್ಬೊಬ್ರಿಗೆ ಎಷ್ಟು ಕಣ್ಣು ಕೊಡ್ತಾರೆ ರೈಟ್ರೇ?" ಎಂದು ವಿಚಾರಿಸಿಕೊಂಡು ಹೋದರು.

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಮಾವನ ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಫೋನು. ಫೋನು ಸ್ಪೀಕರಿನಲ್ಲಿ, ಮೈಕು ಆನಿನಲ್ಲಿ. ಮುಂದೇನಾಯಿತು ಅಂತ ಹೇಳಬೇಕೇ? ಬೆಟ್ಟದಿಂದ ಬೆಟ್ಟಕ್ಕೆ ಅತ್ತೆಯ ದನಿ ಮೊಳಗಿತು. "ರೀ, ಬರುವಾಗ ಕರಿಬೇವು ತನ್ನಿ, ಮರೀಬೇಡಿ! ಮತ್ತೆ ಬನಿಯನ್ನು ಉಲ್ಟಾ ಹಾಕ್ಕೊಂಡು ಹೋಗಿದೀರಿ, ಎಲ್ಲಾದ್ರೂ ಮರೇಲಿ ನಿಂತು ಸರಿ ಮಾಡ್ಕೊಳ್ಳಿ!"

ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಜಗಲಿಯ ಮೇಲೆ ಕರಿಬೇವಿನ ಗುಡ್ಡೆ! ದಾರಿಯಲ್ಲಿ ಹೋಗುವವರೆಲ್ಲ ಒಂದೊಂದು ಎಸಳು ಇಟ್ಟು ಹೋಗಿದ್ದರು. ಅತ್ತೆ ಎರಡು ದಿನ ಅಂಗಳಕ್ಕೆ ಕಾಲಿಡಲಿಲ್ಲ.

ಆದರೆ ಒಂದು ಮಾತು ಒಪ್ಪಲೇಬೇಕು. ಶಿಬಿರದ ದಿನ ಜನ ಬಂದರು ನೋಡಿ! ಅಷ್ಟು ಜನರನ್ನು ಭವನವೂ ಕಂಡಿರಲಿಲ್ಲ, ಡಾಕ್ಟರೂ ನಿರೀಕ್ಷಿಸಿರಲಿಲ್ಲ. ಬಂದವರಿಗೆ ಒಂದು ಲೋಟ ಟೀ ಅಂತ ಮಾವ ಹೇಳಿದ್ದರು. ದೂರದಿಂದ ಬಂದ ಮುದುಕರು ಬರೀ ಹೊಟ್ಟೆಯಲ್ಲಿ ಸಾಲಲ್ಲಿ ನಿಂತದ್ದು ನೋಡಿ ಟೀ ಉಪ್ಪಿಟ್ಟಾಯಿತು. ಮಧ್ಯಾಹ್ನಕ್ಕೆ ಉಪ್ಪಿಟ್ಟು ಅನ್ನ ಸಾರಾಯಿತು. ಅತ್ತೆ ಬೈಯುತ್ತಲೇ ಸೌಟು ಹಿಡಿದರು. ಪುಣ್ಯಕ್ಕೆ ಒಗ್ಗರಣೆಗೆ ಕರಿಬೇವಿನ ಕೊರತೆ ಇರಲಿಲ್ಲ.

ಅಕ್ಷರದ ಪಟದ ಹತ್ತಿರ ನರ್ಸಿಗೆ ಸಹಾಯಕ್ಕೆ ನಾನು ನಿಂತಿದ್ದೆ. ಸಾಲಿನಲ್ಲಿ ನಮ್ಮೂರ ನಿವೃತ್ತ ಹವಾಲ್ದಾರರೂ ಇದ್ದರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಮಾತ್ರ ಇನ್ನೂ ಕೋವಿಯಷ್ಟು ನೆಟ್ಟಗೆ. ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಂಡರೆ ಮಾನ ಹೋಗುತ್ತದೆಂದು ಅವರ ಹಟ. ಬಂದದ್ದೇ ತಾನು ಪಾಸು ಎಂದು ತೋರಿಸುವುದಕ್ಕೆ. ಮುಂದಿನವರು ಓದುವುದನ್ನು ಕೇಳಿ ಕೇಳಿ ಇಡೀ ಪಟ ಬಾಯಿಪಾಠ ಮಾಡಿಕೊಂಡಿದ್ದರು. ಅವರ ಸರದಿ ಬಂದಾಗ ನರ್ಸು ಪಟ ಬದಲಾಯಿಸಲೆಂದು ಹಳೆಯದನ್ನು ಮೊಳೆಯಿಂದ ಕೆಳಗಿಳಿಸಿದ್ದರು, ಅಷ್ಟೆ. ಹವಾಲ್ದಾರರು ಎದೆ ಸೆಟೆಸಿ ನಿಂತು, ಖಾಲಿ ಗೋಡೆಯನ್ನು ಮೇಲಿನಿಂದ ಕೆಳಗೆ ಒಂದೂ ತಪ್ಪಿಲ್ಲದೆ ಓದಿ ಮುಗಿಸಿದರು!

"ನೂರಕ್ಕೆ ನೂರು," ಎಂದರು ನರ್ಸು. "ಆಪರೇಷನ್ನಿಗೆ ಹೆಸರು ಬರ್ಕೊಳ್ಳಿ."

ಟೀ ಅಂಗಡಿಯ ಕಾಕನಿಗೂ ಎರಡು ಕಣ್ಣಲ್ಲೂ ಪೊರೆ. ಊರಿಗೆಲ್ಲ ಚಾಯ ಕುಡಿಸುವ ಮನುಷ್ಯ, ಸಕ್ಕರೆ ಡಬ್ಬವೆಂದು ಉಪ್ಪಿನ ಡಬ್ಬಕ್ಕೆ ಚಮಚ ಹಾಕುವ ಮಟ್ಟಕ್ಕೆ ಬಂದಿದ್ದರು. ಹೀಗೆ ಒಬ್ಬೊಬ್ಬರ ಹೆಸರಾಗುತ್ತಾ ಇರುವಾಗ ಮಾವ ಇದ್ದಕ್ಕಿದ್ದಂತೆ ಸಾಲಿನ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದರು.

"ಪಾಟಿ ಬಂದಿಲ್ಲ ಮಗಾ. ನಡಿ, ಕರ್ಕೊಂಡು ಬರೋಣ."

ಪಾಟಿ ಅಂದರೆ ಮಾವ ಕೆಲಸ ಮಾಡಿದ ತೋಟದಲ್ಲಿ ಆಳುಗಳಿಗೆ ಸಾಲಾಗಿ ಕಟ್ಟಿಕೊಟ್ಟ ಲೈನ್ ಮನೆಯಲ್ಲಿರುವ ತಮಿಳು ಅಜ್ಜಿ. ಮಾವ ಎಳೇ ವಯಸ್ಸಿನಲ್ಲಿ ಅಲ್ಲಿ ಕೆಲಸಕ್ಕೆ ಸೇರಿದಾಗ ಅವಳು ಕಾಫಿ ಹಣ್ಣು ಕೊಯ್ಯುವ ಹೆಂಗಸರ ಮುಂದಾಳು. ಹೊಸ ರೈಟರಿಗೆ ಜ್ವರ ಬಂದು ಮಲಗಿದಾಗ ಗಂಜಿ ಕಾಯಿಸಿ ಕುಡಿಸಿದವಳಂತೆ. ಈಗ ಮೊಮ್ಮಗಳ ಜೊತೆ ಇದ್ದಾಳೆ. ನಾವು ಹೋದಾಗ ಬಾಗಿಲ ಮುಂದೆ ಬಿಸಿಲಿಗೆ ಕೂತಿದ್ದಳು. ಮಾವ ಆಟೋದಿಂದ ಇಳಿದು ಎರಡು ಹೆಜ್ಜೆ ಇಟ್ಟಿದ್ದೇ ತಡ, ಮುಖ ಬೇರೆ ಕಡೆ ಇದ್ದಂತೆಯೇ ಹೇಳಿದಳು. "ವಾ ರೈಟರ್ ಸಾಮಿ. ಆ ಓಟದ ನಡಿಗೆ ಇನ್ಯಾರದು?"

"ಪಾಟಿ, ಹೊರಡು. ಡಾಕ್ಟರು ಕಾಯ್ತಿದ್ದಾರೆ."

"ನಾ ಬರಲ್ಲ. ಕಣ್ಣು ಕಿತ್ತು ತಟ್ಟೇಲಿ ಇಟ್ಟು ತೊಳೀತಾರಂತೆ."

"ಯಾರು ಹೇಳಿದ್ದು ನಿಂಗೆ?"

"ಯಾರೋ ಹೇಳಿದ್ರು ಬಿಡು. ಈ ವಯಸ್ಸಲ್ಲಿ ನಾ ಏನು ನೋಡ್ಬೇಕು ಸಾಮಿ? ನೋಡಿದ್ದೇ ಜಾಸ್ತಿ ಆಯ್ತು."

ಮಾವ "ನೀ ಬರೋ ತನಕ ನಾನೂ ಇಲ್ಲೇ ಕೂರ್ತೀನಿ" ಎಂದು ಬೆದರಿಕೆ ಹಾಕಿ ಅವಳ ಪಕ್ಕ ಕೂತರು. ಕೂರುವುದೇ! ಅರೆ ನಿಮಿಷವಾಗಿಲ್ಲ, ಎದ್ದು ಅವಳ ಬಾಗಿಲಿನ ಸಡಿಲವಾದ ಕೀಲು ಬಡಿದರು. ಸೂರಿನ ಕೆಳಗಿನ ಚರಂಡಿ ಕೆದಕಿದರು. ಒಳಗೆ ಹೋಗಿ ಸೌದೆಯ ರಾಶಿಯನ್ನು ಆ ಮೂಲೆಯಿಂದ ಈ ಮೂಲೆಗೆ ಜೋಡಿಸತೊಡಗಿದರು. ಪಾತ್ರೆ ಉರುಳಿದ ಸದ್ದು ಕೇಳಿದಾಗ ಪಾಟಿ ಕೋಲು ಊರಿ ಎದ್ದುಬಿಟ್ಟಳು.

"ಅಯ್ಯೋ, ಬರ್ತೀನಪ್ಪಾ! ಕಣ್ಣು ಹೋದ್ರೆ ಹೋಗ್ಲಿ, ಮನೆ ಉಳೀಲಿ!"

ಆಪರೇಷನ್ನಿಗೆ ಆರಿಸಿದವರನ್ನು ಮೈಸೂರಿಗೆ ಕರೆದೊಯ್ಯಲು ಆಸ್ಪತ್ರೆಯ ವ್ಯಾನು ಬಂತು. ಜೊತೆಗೆ ಊರಿನವರೊಬ್ಬರು ಬಂದರೆ ಒಳ್ಳೆಯದು ಎಂದರು. ಯಾರು ಹೋದರೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅತ್ತೆಗೆ ಮೈಸೂರಿನಿಂದ ಫೋನು. "ಎಲ್ಲ ಚೆನ್ನಾಗಿ ಆಯ್ತು ಕಣೇ. ರಾತ್ರಿಗೆ ಸ್ವಲ್ಪ ಅನ್ನ ಜಾಸ್ತಿ ಇಡು."

"ಎಷ್ಟು ಜನಕ್ಕೆ?"

"ಬಾಳ ಇಲ್ಲ. ವ್ಯಾನಲ್ಲಿ ಅರ್ಧ."

ಆದದ್ದಿಷ್ಟು. ಆಸ್ಪತ್ರೆಯಿಂದ ಬಿಡುವಾಗ ನರ್ಸು ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದ್ದರು: ದಿನಕ್ಕೆ ಹಲವು ಸಲ ಕಣ್ಣಿಗೆ ಡ್ರಾಪ್ಸ್ ಹಾಕಬೇಕು, ಹೊಗೆ ತಾಗಬಾರದು, ಧೂಳು ತಾಗಬಾರದು, ಬಗ್ಗಬಾರದು, ಭಾರ ಎತ್ತಬಾರದು, ನಂಜಾದರೆ ಕಣ್ಣೇ ಹೋಗುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರಿದ್ದವರು ಸರಿ. ಆದರೆ ಪಾಟಿಯ ಮೊಮ್ಮಗಳು ಬೆಳಿಗ್ಗೆ ಕಾಫಿ ಪಿಕ್ಕಿಂಗಿಗೆ ಹೋದರೆ ಬರುವುದು ಸಂಜೆ, ಮನೆಯಲ್ಲಿ ಸೌದೆ ಒಲೆ. ಕಾಕ ಅಂಗಡಿಯ ಹಿಂದೆ ಒಬ್ಬರೇ ಇರುವವರು. ಹವಾಲ್ದಾರರ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಇನ್ನೂ ಕೆಲವರದು ಇಂಥದೇ ಕಥೆ. "ಇವರೆಲ್ಲ ಎಲ್ಲಿರ್ತಾರೆ?" ಎಂದು ನರ್ಸು ಕೇಳಿದರಂತೆ. ಕೇಳಬಾರದಿತ್ತು! ನಮ್ಮ ಮಾವನ ಎದುರು ಅಂಥ ಪ್ರಶ್ನೆ ಯಾರಾದರೂ ಕೇಳುತ್ತಾರೆಯೇ?

ವ್ಯಾನು ಬಂದು ಗೇಟಿನ ಹತ್ತಿರ ನಿಂತಿತು. ಕಪ್ಪು ಕನ್ನಡಕ ಹಾಕಿದ ಮುದುಕ ಮುದುಕಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ರೈಲಿನ ಹಾಗೆ ಇಳಿದು ಒಳಗೆ ಬಂದರು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. ಬೈಗುಳ ಬಾಯಿಯ ತುದಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಆದರೆ ರೈಲಿನ ಕೊನೆಯಲ್ಲಿದ್ದ ಪಾಟಿ ಹೊಸಿಲು ಎಡವಿದಳು. ಅತ್ತೆ ಓಡಿ ಹೋಗಿ ಹಿಡಿದುಕೊಂಡರು. ಹಿಡಿದ ಮೇಲೆ ಬೈಯುವುದು ಹೇಗೆ?

ಹಾಗೆ ನಮ್ಮ ಮನೆ ಆಸ್ಪತ್ರೆಯಾಯಿತು. ನನ್ನ ಕೋಣೆ ಹೆಂಗಸರ ವಾರ್ಡು. ಜಗಲಿ ಗಂಡಸರ ವಾರ್ಡು. ಬೆಳಿಗ್ಗೆ ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಸಾಲಾಗಿ ಕೂತರೆ ನೋಡಬೇಕು! ಮೊದಲ ದಿನ ಮೀನು ಮಾರುವವನು ಗೇಟಿನವರೆಗೆ ಬಂದು, ಇದು ಯಾವುದೋ ಗ್ಯಾಂಗು ಅಂದುಕೊಂಡು ಗಾಡಿ ತಿರುಗಿಸಿದವನು ವಾರವಿಡೀ ಈ ರಸ್ತೆಗೆ ಬರಲಿಲ್ಲ.

ಡ್ರಾಪ್ಸ್ ಹಾಕುವುದು ಮಾವನ ಕೆಲಸವೆಂದಾಗಿತ್ತು. ಆದರೆ ನಿಂತಲ್ಲಿ ನಿಲ್ಲದ ಮನುಷ್ಯ ಇನ್ನೊಬ್ಬರ ಕಣ್ಣಿಗೆ ಹನಿ ಬಿಡುವುದು ಹೇಗೆ? ಒಂದು ಹನಿ ಕಾಕನ ಮೂಗಿಗೆ, ಒಂದು ಹನಿ ಗಡ್ಡಕ್ಕೆ. "ರೈಟ್ರೇ, ಅಲ್ಲಿ ನಂಗೆ ಕಣ್ಣಿಲ್ಲ," ಎಂದರು ಕಾಕ. ಅತ್ತೆ ಸೀಸೆ ಕಿತ್ತುಕೊಂಡರು. ಆಮೇಲೆ ಶಿಸ್ತಿನ ಉಸ್ತುವಾರಿ ಹವಾಲ್ದಾರರದು. ಹೊತ್ತು ಹೊತ್ತಿಗೆ ಸರಿಯಾಗಿ "ಲೈನ್ ಬನಾವೋ! ತಲೆ ಮೇಲೆ! ಕಣ್ಣು ಬಿಡು!" ಅನ್ನುತ್ತಿದ್ದರು. ಅತ್ತೆ ಸೀಸೆ ಹಿಡಿದು ಸಾಲಿನುದ್ದಕ್ಕೂ ಹೋಗುತ್ತಿದ್ದರು. ಎಲ್ಲರೂ ಬಾಯಿ ಯಾಕೆ ತೆರೆಯುತ್ತಿದ್ದರೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮಾವ ಎಲ್ಲಿ ಹೋದರು ಅಂತೀರಾ? ಭವನದ ಒಳಗೋಡೆ ಬೆಳ್ಳಗಾದದ್ದು ನೋಡಿ ಊರಿನವರಿಗೆ ಹೊರಗೋಡೆಯ ಚಿಂತೆ ಹತ್ತಿತ್ತು. ಸಂಘದ ಇನ್ನೊಂದು ಸಭೆ ನಡೆದಿತ್ತು. ಮಾವ ಹೋಗಿದ್ದರು. ಈಗ ಬಿಳೀ ಬಣ್ಣದ ಡಬ್ಬ, ಏಣಿ, ಬ್ರಷ್ಷು ಎಂದು ಬೆಳಿಗ್ಗೆ ಹೋದರೆ ಊಟಕ್ಕೆ ಗಾಳಿಯ ಹಾಗೆ ಬಂದು ಗಾಳಿಯ ಹಾಗೆ ಹೋಗುತ್ತಿದ್ದರು. ಪಾಟಿ ದಿನಾ ಅತ್ತೆಯನ್ನು ಕೇಳುತ್ತಿದ್ದಳು, "ರೈಟರ್ ಸಾಮಿ ಎಲ್ಲಮ್ಮಾ?"

"ಈಗಷ್ಟೇ ನಿಮ್ಮ ಮುಂದೇನೇ ಹೋದ್ರಲ್ಲ ಪಾಟಿ."

"ಒಂದು ಪಂಚೆ ಹೋಗಿದ್ದು ಕಾಣ್ತು. ಆಳು ಕಾಣಲಿಲ್ಲ."

ಒಂದು ಬೆಳಿಗ್ಗೆ ನಗು ನಿಂತಿತು. ಪಾಟಿ ಎದ್ದು ಬಂದಾಗ ಆಪರೇಷನ್ ಆದ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಉರಿ ಅಂದಳು. ಮಾವನ ಮುಖ ಬಿಳುಚಿಕೊಂಡಿತು. ನಂಜಾದರೆ ಕಣ್ಣೇ ಹೋಗುತ್ತದೆ ಎಂದು ನರ್ಸು ಹೇಳಿದ್ದನ್ನು ಅವರೇ ನಮಗೆಲ್ಲ ಹತ್ತು ಸಲ ಹೇಳಿದ್ದರು. ಬರುವುದಿಲ್ಲ ಎಂದವಳನ್ನು ಎಬ್ಬಿಸಿಕೊಂಡು ಬಂದವರು ಅವರು ತಾನೇ? ಆಟೋದಲ್ಲಿ ಮಡಿಕೇರಿಗೆ ಹೋಗುವಷ್ಟು ದಾರಿಯೂ ಮಾವ ಪಾಟಿಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕ ಕೂತಿದ್ದರು. ಇನ್ನೊಂದು ಪಕ್ಕ ನಾನು. ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ರೆಪ್ಪೆ ಎತ್ತಿ ನೋಡಿದರು, ಆಮೇಲೆ ಪಾಟಿಯ ಬೆರಳು ಮೂಸಿದರು!

"ಅಜ್ಜಿ, ಬೆಳಿಗ್ಗೆ ಏನು ಮಾಡ್ತಿದ್ರಿ?"

ಪಾಟಿ ತಲೆ ತಗ್ಗಿಸಿದಳು. "ಅಮ್ಮ ಒಬ್ಬರೇ ಇಷ್ಟು ಜನಕ್ಕೆ ಬೇಯಿಸ್ತಾರೆ ಸಾರ್. ಅವರು ಏಳೋ ಮುಂಚೆ ಒಂದಿಷ್ಟು ಈರುಳ್ಳಿ ಹೆಚ್ಚಿಟ್ಟೆ."

"ಕಣ್ಣಿಗೆ ಏನೂ ಆಗಿಲ್ಲ. ಈರುಳ್ಳಿ ಹೆಚ್ಚಿದ್ರೆ ನನ್ನ ಕಣ್ಣಲ್ಲೂ ನೀರು ಬರುತ್ತೆ," ಎಂದರು ಡಾಕ್ಟರು.

ಮನೆಗೆ ಬಂದು ಹೇಳಿದರೆ ಅತ್ತೆ ಒಳಗೆ ಹೋಗಿ ಈರುಳ್ಳಿಯ ಬುಟ್ಟಿಯನ್ನು ಅಟ್ಟದ ಮೇಲೆ ಹಾಕಿ ಬಂದರು. ಪಾಟಿಯನ್ನು ಗದರಿದರು. ಗದರುತ್ತಾ ಗದರುತ್ತಾ ಅವಳ ತಲೆಗೂದಲು ಬಿಡಿಸಿ ಬಾಚಿ ಗಂಟು ಕಟ್ಟಿದರು. ಆ ದಿನದ ಸಾರಿಗೆ ಈರುಳ್ಳಿ ಇರಲಿಲ್ಲ. ಯಾರೂ ದೂರಲಿಲ್ಲ.

ದಿನ ಕಳೆದ ಹಾಗೆ ಒಬ್ಬೊಬ್ಬರೇ ಮನೆಗೆ ಹೊರಟರು. ಹವಾಲ್ದಾರರು ಹೋಗುವಾಗ ಅತ್ತೆಗೆ ಸೆಲ್ಯೂಟ್ ಹೊಡೆದರು. ಕಾಕ ಅಂಗಡಿ ತೆರೆದ ಮೊದಲ ದಿನವೇ ಮಾವನನ್ನು ಕರೆಸಿ, ತನ್ನದೇ ಟೀ ಗ್ಲಾಸನ್ನು ಬೆಳಕಿಗೆ ಹಿಡಿದು ತೋರಿಸಿದರಂತೆ. "ರೈಟ್ರೇ, ಇಷ್ಟು ವರ್ಷ ನೀವೆಲ್ಲ ಇದರಲ್ಲಾ ಕುಡಿದದ್ದು? ಒಬ್ಬರಾದ್ರೂ ಹೇಳಬಾರದಿತ್ತಾ!" ಅವತ್ತು ಇಡೀ ದಿನ ಟೀ ಕೊಡದೆ ಗ್ಲಾಸು ತಿಕ್ಕಿದರಂತೆ.

ಕೊನೆಗೆ ಉಳಿದವಳು ಪಾಟಿ. ಆ ಹೊತ್ತಿಗೆ ಅವಳ ಕಣ್ಣು ತಿಳಿಯಾಗಿತ್ತು. ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಬಸ್ಸಿನ ಬಣ್ಣ ಹೇಳುತ್ತಿದ್ದಳು. ಒಂದು ಶನಿವಾರ ಶಾಲೆ ಬಿಟ್ಟು ಬಂದ ಮೇಲೆ ನಾನೂ ಮಾವನೂ ಅವಳನ್ನು ಬಿಡಲು ಹೊರಟೆವು. ಅತ್ತೆ ಕೊಟ್ಟ ಸೀರೆ, ಅಕ್ಕಿಹಿಟ್ಟು, ನಿಂಬೆ ಉಪ್ಪಿನಕಾಯಿ ಎಲ್ಲ ಸೇರಿ ಚೀಲ ಪಾಟಿಗಿಂತ ದಪ್ಪವಾಗಿತ್ತು.

ಲೈನ್ ಮನೆಯ ಮುಂದೆ ಆಟೋ ನಿಂತ ಮೇಲೂ ಮಾವನದು ಅದೇ ಗಡಿಬಿಡಿ. ಚೀಲ ಇಳಿಸಿ ಒಳಗಿಟ್ಟರು. ಮೊಮ್ಮಗಳಿಗೆ ಡ್ರಾಪ್ಸಿನ ಪಾಠ ಹೇಳಿದರು. ಒಲೆಯನ್ನು ಹಿಂದಿನ ಚಾವಡಿಗೆ ಸಾಗಿಸಬೇಕೆಂದರು, ಯಾರೂ ಒಪ್ಪುವ ಮೊದಲೇ ಕಲ್ಲು ಎತ್ತಿ ಸಾಗಿಸಿಯೂಬಿಟ್ಟರು. "ಬರ್ತೀನಿ ಪಾಟಿ, ಪೇಂಟಿನವರು ಕಾಯ್ತಿದ್ದಾರೆ" ಎಂದು ಆಟೋ ಕಡೆ ತಿರುಗಿದರು.

ಪಾಟಿ ಅವರ ಮಣಿಕಟ್ಟು ಹಿಡಿದಳು.

"ನಿಲ್ಲು ಸಾಮಿ."

"ಹೊತ್ತಾಯ್ತು ಪಾಟಿ..."

"ಆಗ್ಲಿ. ನಿಲ್ಲು."

ಕಪ್ಪು ಕನ್ನಡಕ ತೆಗೆದು ಮೊಮ್ಮಗಳ ಕೈಗೆ ಕೊಟ್ಟಳು. ಮಾವನನ್ನು ಭುಜ ಹಿಡಿದು ಬಿಸಿಲಿನ ಕಡೆಗೆ ತಿರುಗಿಸಿದಳು. ನೋಡಿದಳು. ಹಣೆ ನೋಡಿದಳು, ಮೀಸೆ ನೋಡಿದಳು. ಒರಟು ಅಂಗೈಯನ್ನು ಅವರ ಕೆನ್ನೆಯ ಮೇಲಿಟ್ಟಳು.

"ಅಯ್ಯೋ ಸಾಮಿ," ಎಂದಳು, "ನಿಂಗೂ ವಯಸ್ಸಾಗಿಬಿಡ್ತಲ್ಲ! ಕಣ್ಣು ಕತ್ತಲಾಗೋ ಮುಂಚೆ ನೋಡಿದಾಗ ಕರೀ ಮೀಸೆ ಇತ್ತು. ಇಷ್ಟು ವರ್ಷ ನೀ ಮಾತಾಡಿದಾಗೆಲ್ಲ ನಾ ಆ ಮೀಸೆಗೇ ಉತ್ತರ ಕೊಡ್ತಿದ್ದೆ. ಯಾವಾಗ ಹಿಂಗಾದೆ? ನಂಗೆ ಒಂದು ಮಾತು ಹೇಳಬಾರದಿತ್ತಾ?"

ಮಾವ ಏನೋ ಹೇಳಲು ಬಾಯಿ ತೆರೆದರು. ಯಾವ ಭಾಷೆಯೂ ಬರಲಿಲ್ಲ. ಅವಳು ಕೈ ತೆಗೆಯುವವರೆಗೆ, ಪೂರ್ತಿ ನೋಡಿ ಮುಗಿಸುವವರೆಗೆ, ಅಲ್ಲಾಡದೆ ನಿಂತಿದ್ದರು.

ವಾಪಸು ಬರುವಾಗ ಭವನದ ಹತ್ತಿರ ಆಟೋ ನಿಧಾನ ಮಾಡಿದರೆ, "ನಡಿ, ಮನೆಗೇ ಹೋಗು" ಎಂದರು.

ಅತ್ತೆ ನನ್ನ ಕೋಣೆಯಲ್ಲಿ ಚಾಪೆ ಮಡಿಸುತ್ತಿದ್ದರು. ಮಾವ ಬಾಗಿಲಲ್ಲಿ ನಿಂತು ಕೇಳಿದರು.

"ಲೇ, ನಂಗೆ ಅಷ್ಟೊಂದು ವಯಸ್ಸಾಗಿದೆಯೇನೇ?"

ಈಗ ಬಿತ್ತು ನೋಡು ಮಾತಿನ ಚಾಟಿ ಅಂದುಕೊಂಡು ನಾನು ಕಾದೆ. ಅತ್ತೆ ಚಾಪೆ ಕೆಳಗಿಟ್ಟು ಹತ್ತಿರ ಬಂದು ಅವರನ್ನು ನೋಡಿದರು.

"ದಿನಾ ನೋಡ್ತೀನಲ್ಲ ರೀ, ನಂಗೆ ಗೊತ್ತಾಗಲಿಲ್ಲ," ಎಂದರು.

ಆಮೇಲೆ, "ಕಿವಿ ಹತ್ರ ಕೂದಲಿಗೆ ಇನ್ನೂ ಬಿಳೀ ಬಣ್ಣ ಅಂಟಿದೆ, ನಿಲ್ಲಿ" ಎಂದು ಸೆರಗಿನ ತುದಿಯಿಂದ ಒರೆಸಿದರು. ಹೋಗಲಿಲ್ಲ. ಸೆರಗನ್ನು ಒದ್ದೆ ಮಾಡಿಕೊಂಡು ಬಂದು ಇನ್ನೊಂದು ಸಲ ಒರೆಸಿದರು. ಆಗಲೂ ಹೋಗಲಿಲ್ಲ. ಅದು ಬಣ್ಣವಲ್ಲ ಎಂದು ಅಷ್ಟು ಹೊತ್ತಿಗೆ ನಮಗೆ ಮೂವರಿಗೂ ತಿಳಿದಿತ್ತು. ಆದರೂ ಅತ್ತೆ ಮೆಲ್ಲಗೆ ಒರೆಸುತ್ತಲೇ ಇದ್ದರು, ಮಾವ ತಲೆ ಬಗ್ಗಿಸಿಕೊಂಡು ನಿಂತೇ ಇದ್ದರು.